ಸೀಗಿ ಹುಣ್ಣಿಮೆಯಿಂದ ಗೌರಿ ಹುಣ್ಣಿಮೆ ತನಕ: ಆಕಾಶಬುಟ್ಟಿ, ಸಿಪ್ಪೆ ತೋರಣ, ಸಕ್ಕರಿ ಆರತಿ

ಮಹಾನವಮಿಯಿಂದ ಗೌರಿ ಹುಣ್ಣಿಮೆಗೆ ಹೆಚ್ಚುಕಡಿಮೆ 36 ದಿನ. ಬನ್ನಿ, ಸೀಗಿ ಹುಣ್ಣಿಮೆ, ದೀಪಾವಳಿ, ಪಾಡ್ಯಕ್ಕೆ ಸಗಣಿಯಲ್ಲಿ ಮಾಡುವ ಪಾಂಡವರು, ಆಸುಪಾಸಿನಲ್ಲೇ ನವೆಂಬರ್ 1ರ ರಾಜ್ಯೋತ್ಸವ, ಕೊನೆಗೆ ಗೌರಿಗೆ ಸಕ್ಕರಿ ಗೊಂಬೆಗಳಿಂದ ಬೆಳಗುವ ಸಕ್ಕರಿ ಆರತಿ. ಹುಬ್ಬಳ್ಳಿ-ಧಾರವಾಡ, ಗದಗ, ಹಾವೇರಿ ಕಡೆ ಕೈಗೆಲಸದವರಿಗೆ ಸುಗ್ಗಿ ಅಂದರೆ ಇದೇ. ಹಬ್ಬದ ಹಿಂದಿನ ರಾತ್ರಿ ಕತ್ತರಿ ಹಿಡಿದು ಕೂತವರ ಕೆಲಸ ಕೆಡುವುದು ಹೆಚ್ಚಾಗಿ ಹಸಿಯಿಂದ. ಹಸಿ ಬಿದಿರು ಸೊಟ್ಟಗಾಗುತ್ತದೆ, ಹಸಿ ಸಿಪ್ಪೆಗೆ ಬೂಸ್ಟು ಹಿಡಿಯುತ್ತದೆ, ಹಸಿ ಅಂಟು ಹಾಳೆಯ ಬಣ್ಣ ಬಿಡಿಸುತ್ತದೆ. ಹಿಂಗಾರು ಮಳೆ ಸಂಜೆ ಸಂಜೆ ಬಂದು ಹೋಗುವ ದಿನಗಳಿವು, ಒಣಗಲು ಬಿಡುವು ಕೊಡಲೇಬೇಕು.

ಹಾಗಾಗಿ ಬಿದಿರು ಸೀಳಿಸುವುದು ನವರಾತ್ರಿಯಲ್ಲಿ. ಗೋವಿನಜೋಳದ ಸಿಪ್ಪೆ ತರುವುದು ಸೀಗಿ ಹುಣ್ಣಿಮೆಗೆ. ಚರಗ ಚೆಲ್ಲಲು, ಅಂದರೆ ಬೆಳೆಗೆ ಎಡೆ ಚೆಲ್ಲಲು, ಎಲ್ಲರೂ ಹೊಲಕ್ಕೆ ಹೋಗಿರುತ್ತೀರಿ, ಬರುವಾಗ ಒಂದು ಚೀಲ ತುಂಬಿಕೊಂಡು ಬಂದರಾಯಿತು. ಆಕಾಶಬುಟ್ಟಿ ದೀಪಾವಳಿಯ ನೀರು ತುಂಬುವ ಹಬ್ಬಕ್ಕಿಂತ ಎರಡು ದಿನ ಮೊದಲೇ ಮುಗಿದು ಒಣಗಿರಬೇಕು. ಸಕ್ಕರಿ ಅಚ್ಚನ್ನು ಪಾಡ್ಯ ಮುಗಿಯುವ ತನಕ ಮುಟ್ಟಬೇಡಿ.

ಆಕಾಶಬುಟ್ಟಿ

ಬಿದಿರಿನ ಚೌಕಟ್ಟನ್ನು ಒಮ್ಮೆ ಸರಿಯಾಗಿ ಕಟ್ಟಿ ಅಟ್ಟಕ್ಕಿಟ್ಟರೆ ನಾಲ್ಕೈದು ವರ್ಷ ಬಾಳುತ್ತದೆ, ಪ್ರತಿ ವರ್ಷ ಹಾಳೆ ಬದಲಿಸಿದರೆ ಸಾಕು. ಹುಬ್ಬಳ್ಳಿಯ ಮೇದಾರ ಓಣಿಗೆ ಹೋದಾಗ ಬರೀ ಬಿದಿರು ಕೇಳಿದರೆ ಬುಟ್ಟಿ ಹೆಣೆಯುವ ತೆಳು ದಬ್ಬೆ ಕೈಗೆ ಬರುತ್ತದೆ. ಬಿಡಿಸಿ ಹೇಳಿ: "ಕಾಕಾ, ಆಕಾಶಬುಟ್ಟಿಗೆ ಬೇಕ್ರಿ. ಗಾಳಿಪಟದ ಕಡ್ಡಿಗಿಂತ ಒಂಚೂರು ದಪ್ಪ, ಸಿಪ್ಪಿ ಕಡೇದು ಕೊಡ್ರಿ." ಬಿದಿರಿನ ಹೊರಮೈ ಬಾಗಿದರೂ ಮುರಿಯದು, ಒಳಗಿನ ಬಿಳಿ ಭಾಗ ಟಕ್ಕೆಂದು ಮುರಿಯುತ್ತದೆ, ಹುಳವೂ ಮೊದಲು ಅದಕ್ಕೇ ಬೀಳುತ್ತದೆ. ಅಗಲ 5-6 ಮಿಲಿಮೀಟರ್, ದಪ್ಪ 3 ಮಿಲಿಮೀಟರ್ ಇರಲಿ. ಲೆಕ್ಕಕ್ಕೆ 20 ಅಡಿ ಸಾಕು, ಮುರಿಯುವುದನ್ನು ಹಿಡಿದು 24 ಅಡಿ ತನ್ನಿ. ಐದಾರು ದಿನ ನೆರಳಲ್ಲಿ ಒಣಗಿಸಿ.

9 ಇಂಚಿನ 24 ಕಡ್ಡಿ, ಸುಮಾರು ಹನ್ನೆರಡೂಕಾಲು ಇಂಚಿನ 2 ಕಡ್ಡಿ ಕತ್ತರಿಸಿ. ಪ್ರತಿ ಕಡ್ಡಿಯ ಎರಡೂ ತುದಿಯಿಂದ ಅರ್ಧ ಇಂಚಿಗೆ ಪೆನ್ಸಿಲ್ ಗುರುತು ಹಾಕಿ. ಗಂಟು ಬೀಳುವುದು ಗುರುತಿನ ಮೇಲೆ, ನಡುವೆ ಉಳಿಯುವ ಅಳತೆ 8 ಇಂಚು. ನಾಲ್ಕು ಕಡ್ಡಿ ಕೂಡಿಸಿ ಒಂದು ಚೌಕ ಮಾಡಿ. ಹತ್ತಿ ದಾರವನ್ನು ಅಡ್ಡಡ್ಡ ಮೂರು ಸುತ್ತು ಸುತ್ತಿ, ಎರಡು ಕಡ್ಡಿಗಳ ನಡುವೆ ಹಾಯಿಸಿ ಒಂದು ಸುತ್ತು ಬಿಗಿದು ಗಂಟು ಹಾಕಿ. ನೈಲಾನ್ ದಾರ ಜಾರುತ್ತದೆ. ಹೀಗೆ ನಾಲ್ಕು ಚೌಕ.

ಈಗ ಬಹಳ ಜನ ಹಾರಿಸಿಬಿಡುವ ಹಂತ. ಚೌಕದ ಮೂಲೆಯಿಂದ ಮೂಲೆಗೆ ಅಳೆಯಿರಿ: ಎರಡೂ ಕರ್ಣ ಹನ್ನೊಂದೂಕಾಲು ಇಂಚು ಬರಬೇಕು. ಒಂದು 12, ಇನ್ನೊಂದು ಹತ್ತೂವರೆ ಬಂದರೆ ಚೌಕ ಸೊಟ್ಟಗಿದೆ. ಸರಿಪಡಿಸಿ, ಎರಡೂ ಕರ್ಣದ ಉದ್ದಕ್ಕೆ ದಾರವನ್ನು ಬಿಗಿಯಾಗಿ ಎಳೆದು ಕಟ್ಟಿ ಹಾಗೇ ಬಿಡಿ.

ನಾಲ್ಕೂ ಚೌಕಗಳನ್ನು ಮೂಲೆಯ ಮೇಲೆ ನಿಲ್ಲಿಸಿ, ಬದಿಯ ಮೂಲೆಗಳನ್ನು ಒಂದಕ್ಕೊಂದು ಕಟ್ಟಿದರೆ ಬಳೆಯಂತೆ ಸುತ್ತು ಕೂಡುತ್ತದೆ. ಮೇಲಿನ ನಾಲ್ಕು ತುದಿಗಳನ್ನು ನಾಲ್ಕು ಕಡ್ಡಿಯಿಂದ, ಕೆಳಗಿನವನ್ನು ಇನ್ನು ನಾಲ್ಕರಿಂದ ಜೋಡಿಸಿ. ಆರು ಚೌಕ, ಎಂಟು ತ್ರಿಕೋನದ ಬುಟ್ಟಿ ನಿಂತಿತು. ಆದರೆ ಕೈಯಲ್ಲಿ ಹಿಡಿದರೆ ಒದ್ದೆ ಬಟ್ಟೆ ಹಿಂಡಿದ ಹಾಗೆ ತಿರುಚಿಕೊಳ್ಳುತ್ತದೆ. ಕಡ್ಡಿ ತಪ್ಪಿದ್ದಲ್ಲ, ಈ ಆಕಾರದ ಗುಣವೇ ಅದು: ತ್ರಿಕೋನ ಅಲುಗುವುದಿಲ್ಲ, ಚೌಕ ಅಲುಗುತ್ತದೆ. ಬದಿಯ ನಾಲ್ಕು ಚೌಕಕ್ಕೆ ಕರ್ಣದ ದಾರ ಆಗಲೇ ಇದೆ. ಮೇಲೊಂದು, ಕೆಳಗೊಂದು ಉದ್ದ ಕಡ್ಡಿಯನ್ನು ಮೂಲೆಯಿಂದ ಮೂಲೆಗೆ ಕಟ್ಟಿ. ಬುಟ್ಟಿ ಕಲ್ಲಿನಂತೆ ನಿಲ್ಲುತ್ತದೆ, ನೇತುಹಾಕಲು ಮೇಲಿನ ಕಡ್ಡಿಯೇ ಆಧಾರ.

ಗಾಳಿಪಟದ ಹಾಳೆ 20×30 ಇಂಚಿನದಾದರೆ ಮೂರು ಸಾಕು. ಒಂದರಲ್ಲಿ 9 ಇಂಚಿನ ನಾಲ್ಕು ಚೌಕ, ಒಂದರಲ್ಲಿ 10 ಇಂಚು ಬದಿಯ ಎಂಟು ತ್ರಿಕೋನ. ತ್ರಿಕೋನಗಳನ್ನು ತಲೆ ಮೇಲೆ, ತಲೆ ಕೆಳಗೆ ಜೋಡಿಸಿ ಕತ್ತರಿಸಿದರಷ್ಟೇ ಒಂದೇ ಹಾಳೆಯಲ್ಲಿ ಹಿಡಿಯುತ್ತವೆ. ಮೂರನೆಯದು ಬಾಲಕ್ಕೆ, ಝಾಲರಿಗೆ. ಮೇಲೂ ಕೆಳಗೂ ತೆರೆದೇ ಇರಲಿ. ಗಾಢ ನೀಲಿ, ಹಸಿರು ಬೆಳಕನ್ನೇ ನುಂಗುತ್ತವೆ. ಚೌಕಕ್ಕೆ ಹಳದಿ, ತ್ರಿಕೋನಕ್ಕೆ ಕೆಂಪು ಹಾಕಿದರೆ ರಾಜ್ಯೋತ್ಸವಕ್ಕೂ ಅದೇ ಬುಟ್ಟಿ ನಡೆಯುತ್ತದೆ.

ಅಂಟಿಗೆ ಎರಡು ಚಮಚ ಮೈದಾ, ಒಂದು ಲೋಟ ನೀರು. ತಣ್ಣೀರಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಹೊಳಪು ಬರುವ ತನಕ ತಿರುವಿ. ಚಿಟಿಕೆ ಮೈಲುತುತ್ತ ಹಾಕಿದರೆ ಜಿರಳೆ ಹತ್ತಿರ ಬರುವುದಿಲ್ಲ; ಅದು ವಿಷ, ಅಡುಗೆಗೆ ಬಳಸದ ಹಳೆಯ ಡಬ್ಬಿಯಲ್ಲೇ ಮಾಡಿ, ಮಕ್ಕಳ ಕೈಗೆ ಕೊಡಬೇಡಿ. ಅಂಟು ಪೂರ್ತಿ ಆರಿರಲಿ. ಬಿಸಿ ಅಂಟು, ನೀರಾದ ಅಂಟು, ಎರಡೂ ಕೆಂಪು ಹಾಳೆಯ ಬಣ್ಣವನ್ನು ಪಕ್ಕದ ಹಳದಿಗೆ ಹರಿಸುತ್ತವೆ. ಅಂಟನ್ನು ಕಡ್ಡಿಗೆ ಹಚ್ಚಿ, ಹಾಳೆಗಲ್ಲ. ಮೊದಲು ಎದುರುಬದುರಿನ ಎರಡು ಬದಿ ಎಳೆದು ಅಂಟಿಸಿ, ಆಮೇಲೆ ಉಳಿದೆರಡು; ಸುತ್ತಾಡಿಕೊಂಡು ಬಂದರೆ ಕೊನೆಯ ಮೂಲೆಯಲ್ಲಿ ಸುಕ್ಕು ಉಳಿದೇ ಉಳಿಯುತ್ತದೆ.

ಚೌಕದ ಒಳಬದಿಗೆ ಕಪ್ಪು ಹಾಳೆಯಲ್ಲಿ ಕತ್ತರಿಸಿದ ಕಸೂತಿ ನಮೂನೆ ಅಂಟಿಸಿದರೆ ಹಗಲಿಗೆ ಮಸುಕು, ದೀಪ ಹಚ್ಚಿದಾಗ ಎದ್ದು ಕಾಣುತ್ತದೆ. ಕಸೂತಿಯ ಹೊಲಿಗೆಗಳಲ್ಲಿ ಗಾವಂತಿ, ಮುರ್ಗಿ ಬರೀ ಗೆರೆಯವು. ಅವನ್ನು ಹಾಗೇ ಕತ್ತರಿಸಲು ಹೋದರೆ ತುಂಡುತುಂಡಾಗಿ ಉದುರುತ್ತವೆ, ಗೆರೆಯನ್ನು 4 ಮಿಲಿಮೀಟರ್ ದಪ್ಪಗೊಳಿಸಿ ಅಲ್ಲಲ್ಲಿ ಸೇತುವೆ ಬಿಡಬೇಕು. ನೇಗಿ ಹೊಲಿಗೆಯಲ್ಲಿ ತುಂಬಿದ ಆಕಾರಗಳಿವೆ, ಅವು ಕತ್ತರಿಗೆ ಒಗ್ಗುತ್ತವೆ. ಕಲಶ, ಗೋಪುರ, ತುಳಸಿ ಕಟ್ಟೆ ಎಡಬಲ ಒಂದೇ ಥರ ಇರುವುದರಿಂದ ಗ್ರಾಫ್ ಹಾಳೆಯಲ್ಲಿ ಅರ್ಧ ಬಿಡಿಸಿ, ಮಡಚಿ ಕತ್ತರಿಸಿ. ಆನೆ, ನವಿಲು ಚೆಂದವೇ, ಆದರೆ ಮೊದಲ ವರ್ಷಕ್ಕೆ ಬೇಡ.

ಬಲ್ಬು 3ರಿಂದ 5 ವ್ಯಾಟಿನ ಎಲ್‌ಇಡಿ, ಬೆಚ್ಚನೆಯ ಹಳದಿ ಬೆಳಕಿನದು. ಹಳೆಯ ಕಾಲದ 40 ವ್ಯಾಟಿನ ಗಾಜಿನ ಬಲ್ಬು ಹಾಳೆ ಸುಡುತ್ತದೆ. ಹಾಳೆಗೂ ಬಲ್ಬಿಗೂ ಎಲ್ಲ ಕಡೆ 4 ಇಂಚು ಅಂತರ ಇರಲಿ. ಬುಟ್ಟಿಯ ಭಾರ ದಾರದ ಮೇಲೆ, ಹೋಲ್ಡರಿನ ಭಾರ ಮೇಲಿನ ಕಡ್ಡಿಯ ಮೇಲೆ. ವೈರಿಗೆ ಬುಟ್ಟಿ ಕಟ್ಟಿ ಜೋತುಬಿಡಬೇಡಿ. ವೈರು ಕಿಟಕಿಯೊಳಗೆ ಹೋಗುವ ಮೊದಲು ಒಮ್ಮೆ ಕೆಳಗಿಳಿದು ಮೇಲೇರುವಂತೆ ಬಿಟ್ಟರೆ ಮಳೆನೀರು ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿನ ತನಕ ಹರಿಯುವುದಿಲ್ಲ. ಕಾರ್ತಿಕ ಪೂರ್ತಿ ತೂಗುವ ವಸ್ತು, ಮಾಡಿನ ಕೆಳಗೇ ಕಟ್ಟಿ. ಕೆಳಗಿನ ಒಂದು ಮೂಲೆಯಿಂದ ಗೋಡೆಗೆ ದಾರ ಬಿಗಿದರೆ ಗಾಳಿಗೆ ಗಿರಗಿರ ತಿರುಗದು.

ಗೋವಿನಜೋಳದ ಸಿಪ್ಪೆ ತೋರಣ

ಹಾವೇರಿ ಕಡೆ ಈ ಹೊತ್ತಿಗೆ ಗೋವಿನಜೋಳದ ರಾಶಿ ಶುರುವಾಗಿರುತ್ತದೆ, ಸಿಪ್ಪೆಗೆ ರೊಕ್ಕ ಕೊಡಬೇಕಿಲ್ಲ. ತೆನೆಯ ಹೊರಗಿನ ಎರಡು-ಮೂರು ಪದರ ಒರಟು, ಬಿಸಾಡಿ. ಒಳಗಿನ ಕೆನೆಬಣ್ಣದವು ಮಾತ್ರ ಕೆಲಸಕ್ಕೆ. ನೆರಳಲ್ಲಿ ಮೂರ್ನಾಲ್ಕು ದಿನ ಹರಡಿ. ಬಿಸಿಲಿಗಿಟ್ಟರೆ ಹಪ್ಪಳವಾಗುತ್ತವೆ, ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ಕಪ್ಪು ಚುಕ್ಕೆ ಬೀಳುತ್ತದೆ.

ಮೂರೂವರೆ ಅಡಿ ಬಾಗಿಲಿಗೆ 4 ಇಂಚಿಗೊಂದರಂತೆ 11 ಹೂ. ಹೂವಿಗೆ 8 ಎಸಳು, 3 ಇಂಚು ಉದ್ದ, ಒಂದೂವರೆ ಇಂಚು ಅಗಲ. 15 ತೆನೆಯ ಸಿಪ್ಪೆಯಿಂದ ಧಾರಾಳವಾಗಿ ಆಗುತ್ತದೆ. ಕಟ್ಟುವ ಮುಂಚೆ ಉಗುರುಬೆಚ್ಚಗಿನ ನೀರಲ್ಲಿ ಹತ್ತು ನಿಮಿಷ ನೆನೆಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟುಕೊಂಡು ಒಂದೊಂದೇ ತೆಗೆಯಿರಿ. ನೀರಿಗೆ ಅರಿಶಿನ ಹಾಕಿದರೆ ಹಳದಿ ಬರುತ್ತದೆ, ಬಿಸಿಲು ಬೀಳುವ ಬಾಗಿಲಲ್ಲಿ ಬೇಗ ಮಾಸುತ್ತದೆ. ನಡುವೆ ಒಂದು ಗೇರುಬೀಜದಷ್ಟು ಸಿಪ್ಪೆಯ ಉಂಡೆ, ಸುತ್ತ ಎಸಳು, ಬುಡಕ್ಕೆ ದಾರ. ಒಣಗುತ್ತ ಸಿಪ್ಪೆ ಕುಗ್ಗುತ್ತದೆ, ಇವತ್ತು ಬಿಗಿಯಾಗಿದ್ದ ಗಂಟು ನಾಡಿದ್ದು ಸಡಿಲ. ಹಾಗಾಗಿ ದಾರದ ತುದಿ ಕತ್ತರಿಸದೆ ಬಿಟ್ಟು, ಎರಡು ದಿನದ ಮೇಲೆ ಇನ್ನೊಮ್ಮೆ ಬಿಗಿದು ಆಮೇಲೆ ಪೋಣಿಸಿ.

ಪಾಡ್ಯದ ಪಾಂಡವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಮನೆಯ ಹಿರಿಯರ ಕೈ ನೋಡಿ ಕಲಿಯುವುದೇ ಸರಿ. ಒಂದೇ ಸೂಚನೆ: ಬರೀ ಸಗಣಿ ಒಣಗುತ್ತ ಬಿರಿಯುತ್ತದೆ, ಸ್ವಲ್ಪ ಹೊಟ್ಟು ಬೆರೆಸಿ. ಉತ್ತರಾಣಿ ಕಡ್ಡಿ, ಚೆಂಡು ಹೂವನ್ನು ಹಸಿ ಇರುವಾಗಲೇ ಚುಚ್ಚಿ.

ನಮೂನೆ ಹುಡುಕುವವರು ಮೊಬೈಲಿಗಿಂತ ಮೊದಲು ಕಾಲಿಗೆ ಕೆಲಸ ಕೊಡಿ. ಸೆಪ್ಟೆಂಬರ್ ಸುಮಾರಿಗೆ ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಕೃಷಿ ಮೇಳ ನಡೆದರೆ ಕೈಗೆಲಸದ ಮಳಿಗೆಗಳ ಸಾಲಿಗೂ ಒಂದು ಸುತ್ತು ಹಾಕಿ. 1890ರಲ್ಲಿ ಹುಟ್ಟಿದ ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ರಾಜ್ಯೋತ್ಸವದ ಹೊತ್ತಿಗೆ ಏನು ಕಾರ್ಯಕ್ರಮವಿದೆ ಎಂದು ವಿಚಾರಿಸಿಕೊಳ್ಳಿ. ಶಿಗ್ಗಾವಿ ಹತ್ತಿರದ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್‌ನಲ್ಲಿ ಹಳ್ಳಿಯ ಕಸುಬುಗಳೇ ಶಿಲ್ಪಗಳಾಗಿ ನಿಂತಿವೆ. ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಬಾಗಿಲವಾಡದಲ್ಲಿ ಝಾಲರಿಗೆ ಹೇಳಿಮಾಡಿಸಿದ ಬಳ್ಳಿ ಪಟ್ಟಿಗಳಿವೆ. ಫೋಟೊವನ್ನು ನೇರ ಎದುರಿಗೆ ನಿಂತು ತೆಗೆಯಿರಿ, ಓರೆಯಾದರೆ ಗ್ರಾಫಿಗೆ ಇಳಿಸಲು ಬಾರದು.

ಸಕ್ಕರಿ ಆರತಿ

ಗೌರಿ ಹುಣ್ಣಿಮೆಗೆ ಹೆಣ್ಣುಮಕ್ಕಳು ಗೌರಿಗೆ ಬೆಳಗುವ ಸಕ್ಕರಿ ಗೊಂಬೆಗಳನ್ನು ಮನೆಯಲ್ಲಿ ಮಾಡಬಹುದು, ಕಟ್ಟಿಗೆಯ ಅಚ್ಚು ಒಳ್ಳೆಯದಿದ್ದರೆ. ಎರಡು ಹೋಳು ಕೂಡಿದಾಗ ಬೆಳಕು ಹಾಯುವಷ್ಟು ಸಂದಿ ಕಂಡರೆ ಕೊಳ್ಳಬೇಡಿ, ಪಾಕ ಅಲ್ಲಿಂದಲೇ ಸೋರುತ್ತದೆ.

ಅಚ್ಚುಗಳನ್ನು ಹಿಂದಿನ ರಾತ್ರಿಯೇ ನೀರಲ್ಲಿ ಮುಳುಗಿಸಿಡಿ. ಗೊಂಬೆ ಅಂಟಿಕೊಂಡು ತಲೆ ಮುರಿಯಲು ಮುಖ್ಯ ಕಾರಣ ಒಣ ಅಚ್ಚು. ಕೆಲಸದ ಹೊತ್ತಿಗೆ ತೆಗೆದು, ನೀರು ಕೊಡವಿ, ರಬ್ಬರ್ ಬ್ಯಾಂಡಿನಿಂದ ಬಿಗಿದು ಒದ್ದೆ ಬಟ್ಟೆಯ ಮೇಲೆ ಬಾಯಿ ಮೇಲಾಗಿ ನಿಲ್ಲಿಸಿ.

ಒಂದು ಕಿಲೋ ಸಕ್ಕರಿಗೆ ಸುಮಾರು 350 ಮಿಲಿಲೀಟರ್ ನೀರು. ಕುದಿ ಬಂದಾಗ ಎರಡು ಚಮಚ ಹಾಲು ಹಾಕಿ, ಮೇಲೆ ಬರುವ ಕೊಳೆಯನ್ನು ಸೌಟಿನಿಂದ ತೆಗೆದು, ತೆಳುಬಟ್ಟೆಯಲ್ಲಿ ಸೋಸಿ. ಇಷ್ಟನ್ನೂ ಒಮ್ಮೆಲೇ ಪಾಕಕ್ಕೆ ಏರಿಸಬೇಡಿ. ನಾಲ್ಕನೇ ಅಚ್ಚಿಗೆ ಹೊಯ್ಯುವಷ್ಟರಲ್ಲಿ ಪಾತ್ರೆಯಲ್ಲೇ ಗಟ್ಟಿಯಾಗುತ್ತದೆ. ಸಣ್ಣ ಪಾತ್ರೆಗೆ ಒಂದು ಬಟ್ಟಲು ತೆಗೆದುಕೊಂಡು, ತಣ್ಣೀರಲ್ಲಿ ಹನಿ ಬಿಟ್ಟರೆ ಮೆತ್ತಗಿನ ಉಂಡೆಯಾಗುವ ತನಕ ಕುದಿಸಿ. ಥರ್ಮಾಮೀಟರ್ ಇದ್ದರೆ 115 ಡಿಗ್ರಿ ಸೆಲ್ಸಿಯಸ್. ಒಲೆಯಿಂದ ಇಳಿಸಿ, ಸೌಟಿನ ಬೆನ್ನಿನಿಂದ ಪಾತ್ರೆಯ ಬದಿಗೆ ಉಜ್ಜುತ್ತ ತಿರುವಿ. ಅರೆಪಾರದರ್ಶಕ ಪಾಕ ಮಜ್ಜಿಗೆಯಂತೆ ಬೆಳ್ಳಗಾಗಲು ಶುರುವಾದ ಕ್ಷಣವೇ ಅಚ್ಚಿಗೆ ಹೊಯ್ಯಿರಿ. ಆ ಕ್ಷಣ ದಾಟಿದರೆ ಆನೆಯ ಸೊಂಡಿಲ ತನಕ ಪಾಕ ಇಳಿಯುವುದಿಲ್ಲ. ಪಾತ್ರೆಯಲ್ಲೇ ಗಟ್ಟಿಯಾದರೆ ಗಾಬರಿ ಬೇಡ, ಎರಡು ಚಮಚ ನೀರು ಹಾಕಿ ಮತ್ತೆ ಕಾಯಿಸಿ.

ಹತ್ತು ನಿಮಿಷ ಬಿಟ್ಟು, ಬಾಯಿಯ ಹತ್ತಿರ ಬೆರಳು ಒತ್ತಿ ನೋಡಿ ಬಿಚ್ಚಿ. ಬೆರಳು ಒಳಗೆ ಹೋದರೆ ಇನ್ನೂ ಕಾಯಬೇಕು. ಎಷ್ಟು ಹೊತ್ತು ಬಿಟ್ಟರೂ ಮೆತ್ತಗೇ ಇದ್ದರೆ ಪಾಕ ಕಡಿಮೆಯಾಗಿದೆ. ಗೊಂಬೆ ಹಳದಿಗೆ ತಿರುಗಿದರೆ ಉರಿ ಹೆಚ್ಚಾಗಿದೆ. ತೆಗೆದ ಗೊಂಬೆಗಳನ್ನು ಒಂದು ರಾತ್ರಿ ಫ್ಯಾನಿನ ಕೆಳಗೆ ಬಿಡಿ, ಫ್ರಿಜ್ಜಿನಲ್ಲಿ ಇಟ್ಟರೆ ಬೆವರಿ ಜಿಗುಟಾಗುತ್ತವೆ. ನಿಶ್ಚಯವಾದ ಹುಡುಗಿಯ ಮನೆಗೆ ಸೀರೆ, ದಂಡೆಯ ಜೊತೆ ಒಯ್ಯುವುದಾದರೆ ಸ್ಟೀಲಿನ ಡಬ್ಬಿಯಲ್ಲಿ ಎರಡಿಂಚು ಚುರುಮುರಿ ಹಾಸಿ, ಗೊಂಬೆಗಳನ್ನು ಮಲಗಿಸಿ, ಮೇಲೆ ಮತ್ತೆ ಚುರುಮುರಿ ತುಂಬಿ. ಬಸ್ಸಿನಲ್ಲಿ ಗದಗದಿಂದ ಹಾವೇರಿಗೆ ಹೋದರೂ ನವಿಲಿನ ಕೊಕ್ಕು ಮುಕ್ಕಾಗುವುದಿಲ್ಲ.