ಹೊರಡುವ ಮುಂಚೆ ಬೆಂಕಿ ಗುಂಡಿ ಕೆದಕಿ ನೋಡಿ

ಎಲ್ಲರಿಗೂ ನಮಸ್ಕಾರ. ಕ್ಯಾಂಪಿನ ಜಾಗ ನಾವು ಸದಸ್ಯರೆಲ್ಲ ಸೇರಿ ಮಾಡಿಕೊಂಡಿದ್ದು. ನೋಡಿಕೊಳ್ಳುವವರೂ ನಾವೇ ಅಲ್ವಾ, ಅದಕ್ಕೇ ಬರೆಯುತ್ತಿದ್ದೇನೆ.

ಮೊನ್ನೆ ಬೆಳಿಗ್ಗೆ ಟೆಂಟ್ ಕಿತ್ತು ಹೋಗಿದ್ದ ಜಾಗದಲ್ಲಿ ಒಂದು ಬೆಂಕಿ ಗುಂಡಿ ನೋಡಿದೆ. ಮೇಲೆ ಬಿಳಿ ಬೂದಿ, ಪೂರ್ತಿ ಆರಿದ ಹಾಗೇ ಇತ್ತು. ಕೋಲಿನಿಂದ ಕೆದಕಿದರೆ ಒಳಗೆ ಕೆಂಡ ನಿಗಿನಿಗಿ ಅನ್ನುತ್ತಿತ್ತು! ಎರಡು ಮಾರು ದೂರದಲ್ಲೇ ಒಣಗಿದ ಎಲೆ ರಾಶಿ. ಗಾಳಿಗೆ ಒಂದು ಕಿಡಿ ಹಾರಿದ್ದರೂ ಸಾಕಿತ್ತು.

ಸುಮ್ನೆ ಮಣ್ಣು ಮುಚ್ಚಿ ಹೋಗಬೇಡಿ. ಮಣ್ಣಿನಡಿ ಕೆಂಡ ಗಂಟೆಗಟ್ಟಲೆ ಬಿಸಿಯಾಗಿರುತ್ತದೆ, ಮಕ್ಕಳು ಬರಿಗಾಲಲ್ಲಿ ಓಡಾಡುತ್ತಾರೆ. ಚುಂಯ್ ಅನ್ನುವ ಸದ್ದು ನಿಲ್ಲುವವರೆಗೂ ನೀರು ಸುರಿಯಿರಿ. ತಳದಿಂದ ಕಲಸಿ, ಮತ್ತೆ ಸುರಿಯಿರಿ. ಅರ್ಧ ಸುಟ್ಟ ಕೊರಡನ್ನು ಮಗುಚಿ ಅಡಿಯನ್ನೂ ನೆನೆಸಿ. ಆಮೇಲೆ ಕೈಯ ಹಿಂಬದಿಯನ್ನು ಬೂದಿಯ ಹತ್ತಿರ ಹಿಡಿಯಿರಿ. ಶಾಖ ತಾಗಿದರೆ ಇನ್ನೊಂದು ಬಕೆಟ್ ಬೇಕು.

ಬೆಂಕಿ ಹಚ್ಚುವ ಮೊದಲೇ ಬಕೆಟ್ ತುಂಬಿಟ್ಟುಕೊಳ್ಳಿ, ಕತ್ತಲಲ್ಲಿ ನಲ್ಲಿ ಹುಡುಕೋದು ತಪ್ಪುತ್ತದೆ. ರಾತ್ರಿ ಮಲಗುವಾಗಲೂ ಇಷ್ಟೂ ಮಾಡಲೇಬೇಕು. ಗಾಳಿ ಜಾಸ್ತಿ ಇದ್ದ ದಿನ ಬೆಂಕಿಯೇ ಬೇಡ. ಪಕ್ಕದ ಗುಂಡಿಯಲ್ಲಿ ಹೊಗೆ ಕಂಡರೆ, ಯಾರದ್ದು ಅಂತ ಕೇಳುತ್ತಾ ನಿಲ್ಲದೆ ಮೊದಲು ನೀರು ಹಾಕಿಬಿಡಿ.