ಚಾವಡಿಯ ಟೈಲ್ಸ್ ನೋಡಿ ಹಾಕಿದ ಕಸೂತಿ

ಹಳೆ ಟೈಲ್ಸ್ ನೋಡಿ ಕಸೂತಿ ಹಾಕಬೇಕೆಂದಿದ್ದರೆ ಸೂಜಿಗಿಂತ ಮೊದಲು ಒಂದು ಒದ್ದೆ ಬಟ್ಟೆ ಬೇಕು. ಬದಿಯಡ್ಕದ ಹತ್ತಿರ ನಮ್ಮ ಅಜ್ಜನ ಮನೆ ಚಾವಡಿಯಲ್ಲಿ ಸಿಮೆಂಟ್ ಟೈಲ್ಸ್ ಇವೆ. ಒಣಗಿದ್ದಾಗ ಎಲ್ಲ ಮಂಕು. ಒರೆಸಿದ ಕೂಡಲೇ ಕಾವಿ ಕೆಂಪು, ಹಳದಿ, ಕಪ್ಪು, ಬೂದು ಹಸಿರು ಎದ್ದು ಬರುತ್ತವೆ. ನೆಲ ಹಸಿ ಇರುವಾಗಲೇ ನೂಲಿನ ಲಡಿಗಳನ್ನು ಪಕ್ಕಕ್ಕೆ ಇಟ್ಟು ಬಣ್ಣ ಆರಿಸಿದೆ. ಫೋನಿನ ಫೋಟೋ ನಂಬಬೇಡಿ, ಅದರಲ್ಲಿ ಕೆಂಪು ಬೇರೆಯೇ ಕಾಣುತ್ತದೆ.

ಈ ಟೈಲ್ಸ್ ಸುಟ್ಟು ಮಾಡಿದ್ದಲ್ಲ. ಲೋಹದ ಅಚ್ಚಿನ ಒಂದೊಂದು ಗೂಡಿಗೆ ಒಂದೊಂದು ಬಣ್ಣದ ಸಿಮೆಂಟ್ ಹೊಯ್ಯುತ್ತಾರೆ. ಅಚ್ಚು ಎತ್ತಿ, ಮೇಲೆ ಒಣ ಸಿಮೆಂಟ್ ಮರಳು ತುಂಬಿ ಪ್ರೆಸ್ಸಿನಲ್ಲಿ ಒತ್ತುತ್ತಾರೆ. ಆಮೇಲೆ ನೀರಿನಲ್ಲಿ ನೆನೆಸಿಡುತ್ತಾರೆ. (ಚೆಟ್ಟಿನಾಡಿನ ಆತ್ತಂಗುಡಿಯಲ್ಲಿ ಈಗಲೂ ಪ್ರೆಸ್ ಇಲ್ಲದೆ, ಗಾಜಿನ ಮೇಲೆ ಕೈಯಲ್ಲೇ ಮಾಡುತ್ತಾರೆ. ಎಂಥ ಚಂದದ ಕೆಲಸ!) ಗೂಡು ಬೇರೆ ಬೇರೆ ಆದ್ದರಿಂದ ಒಂದು ಬಣ್ಣ ಇನ್ನೊಂದಕ್ಕೆ ಕರಗುವುದಿಲ್ಲ. ಅದಕ್ಕೇ ನಾನು ಶೇಡ್ ಕೊಡಲು ಹೋಗಲಿಲ್ಲ. ನಾಲ್ಕೇ ಬಣ್ಣ.

ನಮ್ಮ ಟೈಲ್‌ನಲ್ಲಿ ಪೂರ್ತಿ ಹೂವಿಲ್ಲ, ಮೂಲೆಯಲ್ಲಿ ಕಾಲು ಹೂವು ಮಾತ್ರ. ನಾಲ್ಕು ಟೈಲ್ಸ್ ಮೂಲೆಗೆ ಮೂಲೆ ಸೇರಿದರೇ ಹೂವು. ಹಾಗಾಗಿ ಗ್ರಾಫ್ ಹಾಳೆಯಲ್ಲಿ ಒಂದೇ ಟೈಲ್ ಬರೆದರೆ ಸಾಕು, ಅಲ್ವಾ? ಬರೆದ ಮೇಲೆ ಹೂವಿನ ಮೂಲೆಗೆ ಎರಡು ಸಣ್ಣ ಕನ್ನಡಿಗಳನ್ನು ಎಲ್ ಆಕಾರದಲ್ಲಿ ನಿಲ್ಲಿಸಿ ನೋಡಿ. ಸೂಜಿ ಮುಟ್ಟುವ ಮೊದಲೇ ಇಡೀ ಹೂವು ಕಾಣುತ್ತದೆ. ಎಸಳು ದಪ್ಪವಾಯಿತೋ ಸಪುರವಾಯಿತೋ ಅಲ್ಲೇ ತಿಳಿಯುತ್ತದೆ.

ಟೈಲ್ 8 ಇಂಚು. ಅದನ್ನು 4 ಇಂಚಿಗೆ ಇಳಿಸಿದೆ. ಇಂಚಿಗೆ 14 ಚೌಕ ಇರುವ ಐಡಾ ಬಟ್ಟೆಯಲ್ಲಿ ಅದು 56 ಚೌಕ. ನಾಲ್ಕು ಟೈಲ್ಸ್ ಸೇರಿ ಅಗಲ 112 ಚೌಕ, ಅಂದರೆ 8 ಇಂಚು. ಸುತ್ತಲೂ 3 ಇಂಚು ಬಿಟ್ಟು 14 ಇಂಚಿನ ಬಟ್ಟೆ ಕತ್ತರಿಸಿದೆ. ಬಟ್ಟೆಯನ್ನು ಎರಡು ಸಲ ಮಡಿಸಿದರೆ ನಡು ಸಿಗುತ್ತದೆ. ನಾಲ್ಕು ಟೈಲ್ಸ್ ಸೇರುವುದು ಅಲ್ಲೇ, ಹೊಲಿಗೆ ಶುರುಮಾಡುವುದೂ ಅಲ್ಲಿಂದಲೇ.

ಬಣ್ಣ ತುಂಬಲು ಧಾರವಾಡ ಕಸೂತಿಯ ಮೆಂತಿ ಹೊಲಿಗೆ (× ಆಕಾರದ ಹೊಲಿಗೆ), ಎರಡೆಳೆ ನೂಲು. ಟೈಲ್‌ಗಳ ನಡುವಿನ ಸಂದಿಗೆ ಗಾವಂತಿ, ಒಂದೇ ಎಳೆ ಕಪ್ಪು. ಹೋಗುವಾಗ ಒಂದು ಬಿಟ್ಟು ಒಂದು ಹಾಕಿ, ಬರುವಾಗ ಖಾಲಿ ಜಾಗ ತುಂಬಬೇಕು. ಸಂದಿಯ ಗೆರೆ ಬಿಡಲೇಬೇಡಿ. ಅದಿಲ್ಲದಿದ್ದರೆ ಸುಮ್ನೆ ಒಂದು ಹೂವಾಗುತ್ತದೆ, ನೆಲ ಅನಿಸುವುದಿಲ್ಲ.

ಕೆಂಪು ನೂಲಿನ ತುಂಡನ್ನು ಒದ್ದೆ ಬಿಳಿ ಬಟ್ಟೆಯಲ್ಲಿ ಒತ್ತಿ, ಬಣ್ಣ ಬಿಡುತ್ತದೋ ನೋಡಿಕೊಳ್ಳಿ. ನಮ್ಮ ಮಳೆಗಾಲದಲ್ಲಿ, ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ರಿಂಗಿನ ತಿರುಪು ಬೇಗ ತುಕ್ಕು ಹಿಡಿಯುತ್ತದೆ. ಅದಕ್ಕೆ ಎದ್ದು ಹೋಗುವಾಗೆಲ್ಲ ರಿಂಗ್ ತೆಗೆದಿಡುತ್ತೇನೆ.

ನಡುವಿನ ಹೂವು ಮುಗಿದಿದೆ. ಇನ್ನು ಗೋಡೆ ಬದಿಯ ಬಾರ್ಡರ್ ಟೈಲ್ಸ್. ಅದಕ್ಕೆ 14 ಚೌಕ, ಒಂದು ಇಂಚು ಕೊಟ್ಟಿದ್ದೇನೆ. ಬಳ್ಳಿ ಮೂಲೆಯಲ್ಲಿ ಹೇಗೆ ತಿರುಗುತ್ತದೆ ಎಂದು ಚಾವಡಿಯಲ್ಲೇ ಕೂತು ಬರೆದುಕೊಳ್ಳಬೇಕು.