ಟವರ್ ಬಾರದ ಫೋನಿಗೆ ಇಬ್ಬರು ಹಕ್ಕುದಾರರು

ಹಾವೇರಿಯಲ್ಲಿ ನನ್ನದೊಂದು ಮೊಬೈಲ್ ರಿಪೇರಿ ಅಂಗಡಿ. ಕಳೆದ ವರ್ಷ ಡಿಗ್ರಿ ಓದುವ ಹುಡುಗನೊಬ್ಬ ತಾಯಿಯ ಜೊತೆ ಬಂದು, "ಅಣ್ಣಾರ, ಟವರ್ ಬರವಲ್ದು ನೋಡ್ರಿ" ಅಂತ ಫೋನ್ ಕೊಟ್ಟ. ವೈಫೈ ಓಡುತ್ತಿತ್ತು. ಅವನ ಸಿಮ್ ನನ್ನ ಫೋನಿನಲ್ಲಿ ಹಿಡಿಯಿತು, ನನ್ನ ಸಿಮ್ ಅವನ ಫೋನಿನಲ್ಲಿ ಹಿಡಿಯಲಿಲ್ಲ.

ಇಂಥದ್ದಕ್ಕೆ ನಾನು ಮೊದಲೇ ಸ್ಕ್ರೂ ಬಿಚ್ಚುವುದಿಲ್ಲ. *#06# ಒತ್ತಿ ಐಎಂಇಐ ತೆಗೆದೆ, ಅಂದರೆ ಫೋನಿನದೇ ಗುರುತಿನ 15 ಅಂಕಿಯ ನಂಬರ್. ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರ ಆದಮೇಲೆ ಅದನ್ನು ಬರೆದು 14422ಕ್ಕೆ ಮೆಸೇಜ್ ಹಾಕಿದೆ. ಬ್ಲ್ಯಾಕ್‌ಲಿಸ್ಟ್ ಆಗಿದೆ ಅಂತ ಉತ್ತರ ಬಂತು, ಅಂದರೆ ಕಳೆದದ್ದೋ ಕಳವಾದದ್ದೋ ಅಂತ ಯಾರೋ ಬ್ಲಾಕ್ ಮಾಡಿಸಿರಬಹುದು. ಆ ತಾಯಿ ಮುಖ ಸಣ್ಣದು ಮಾಡಿಕೊಂಡು, "ನಾವು ಕಳವು ಮಾಡಿದ್ದಲ್ಲಪ್ಪಾ, ರೊಕ್ಕ ಕೊಟ್ಟು ತಗೊಂಡೇವಿ" ಅಂದರು. ಪರಿಚಯದವನ ಹತ್ತಿರ ತಗೊಂಡಿದ್ದು, ಫೋನ್‌ಪೇಯಲ್ಲಿ 8,500 ಹಾಕಿದ್ದರು. ಡಬ್ಬಿ ಇತ್ತು, ಬಿಲ್ ಇರಲಿಲ್ಲ.

"ನಂಬರ್ ಬದಲಿ ಮಾಡಿಕೊಡ್ರಿ" ಅಂತ ಕೇಳುವವರು ಬಹಳ. ನಾನು ಒಲ್ಲೆ ಅಂತೇನೆ. ಐಎಂಇಐ ತಿದ್ದಿದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ 3 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ ಇದೆ. ಅದಕ್ಕಿಂತ ಹೆಚ್ಚಾಗಿ, ನಿಜವಾಗಿ ಫೋನ್ ಕಳಕೊಂಡವರಿಗೆ ಅದು ಸಿಗುವ ದಾರಿಯನ್ನೇ ಮುಚ್ಚಿದಂತಾಗುತ್ತದೆ.

ಮಾರಿದವನ ಮನೆಗೆ ಜಗಳಕ್ಕೆ ಹೋಗಬೇಡಿ ಅಂದೆ. ಹಣ ಹಾಕಿದ ರಸೀದಿ, ವಾಟ್ಸಾಪ್ ಮಾತುಕತೆ, ಡಬ್ಬಿ ಎಲ್ಲ ತಗೊಂಡು ಸ್ಟೇಷನ್ನಿಗೆ ಹೋದೆವು. ಕಳೆದ ಫೋನ್ ಬ್ಲಾಕ್ ಮಾಡಿಸುವ ಸರ್ಕಾರಿ ವ್ಯವಸ್ಥೆ ಸಿಇಐಆರ್‌ನಲ್ಲಿ ಪೊಲೀಸರು ನೋಡಿದರೆ, ಫೋನ್ ಕಳೆದಿದೆ ಅಂತ ಬ್ಲಾಕ್ ಮಾಡಿಸಿದವನು ಮಾರಿದವನೇ! ಕರೆಸಿದಾಗ ಬಿಲ್ ಹಿಡಿದೇ ಬಂದ. "ಬಿಲ್ ನನ್ನ ಹೆಸರಿಲೆ ಐತ್ರಿ ಸರ, ಫೋನ್ ನಂದ" ಅಂದ.

ಪಿಎಸ್‌ಐ ಹುಡುಗನ ವಾಟ್ಸಾಪ್ ಮೇಲಕ್ಕೆ ಸರಿಸುತ್ತ ಹೋದರು. ಅದರಲ್ಲಿ ಡಬ್ಬಿಯ ಫೋಟೊ, ಕೆಳಗೆ ಮಾರಿದವನದೇ ಮೆಸೇಜು: "8,500 ಬಂತು, ಉಳಿದ 1,500 ಮುಂದಿನ ತಿಂಗಳು ಹಾಕು." ಫೋನ್ ಕಳೆದ ದಿನ ಅಂತ ಅರ್ಜಿಯಲ್ಲಿ ಬರೆದದ್ದು ಅದಾಗಿ ಐದು ವಾರದ ಮೇಲಿನ ತಾರೀಖು. ಅವನು ಸುಮ್ಮನಾದ. ಹುಡುಗನೂ ತಲೆ ತಗ್ಗಿಸಿದ, ಬಾಕಿಯ ಮಾತನ್ನು ಅವನು ತಾಯಿಗೂ ಹೇಳಿರಲಿಲ್ಲ.

ಬಾಕಿ ಕೊಡದ್ದು ತಪ್ಪೇ. ಆದರೆ ಬಾಕಿ ವಸೂಲಿಗೆ ಕಳೆದುಹೋಯಿತು ಅಂತ ಸುಳ್ಳು ದೂರು ಕೊಡುವುದು ಅದಕ್ಕಿಂತ ದೊಡ್ಡ ತಪ್ಪು. ಪೊಲೀಸರು ಅವನಿಗೆ ಎಚ್ಚರಿಕೆ ಕೊಟ್ಟರು. ತಾಯಿ ಸೆರಗಿನ ಗಂಟು ಬಿಚ್ಚಿ 1,500 ಎಣಿಸಿದರು. ಅವನು ಮಾರಾಟದ ಚೀಟಿ ಬರೆದು ಸಹಿ ಹಾಕಿದ. ಬ್ಲಾಕ್ ತೆಗೆಯಲು ಬ್ಲಾಕ್ ಮಾಡಿಸಿದಾಗ ಕೊಟ್ಟ ರಿಕ್ವೆಸ್ಟ್ ಐಡಿ ಬೇಕು, ಒಟಿಪಿಯೂ ಬೇಕು. ಎರಡೂ ಅವನ ಕೈಯಲ್ಲೇ ಇದ್ದವು, ಅಲ್ಲೇ ಕೂತು ಮಾಡಿಸಿದೆವು. ಮರುದಿನ ಟವರ್ ಬಂತು.

ಫೋನ್ ನಿಜವಾಗಿ ಕದ್ದದ್ದಾಗಿದ್ದರೆ ಕಥೆಯೇ ಬೇರೆ. ಕಳ್ಳನ ಹತ್ತಿರ ದುಡ್ಡು ಕೊಟ್ಟು ಕೊಂಡರೂ ಮಾಲು ನಮ್ಮದಾಗುವುದಿಲ್ಲ, ಅದು ಮೂಲ ಮಾಲೀಕನಿಗೇ ಹೋಗಬೇಕು. ನಮ್ಮ ದುಡ್ಡನ್ನು ಮಾರಿದವನ ಹತ್ತಿರವೇ ಕೇಳಬೇಕು.

ಈಗ ನನ್ನ ಅಂಗಡಿಯಲ್ಲಿ ಹಳೆ ಫೋನ್ ಕೈ ಬದಲಾದರೆ ಮೊದಲು 14422, ಆಮೇಲೆ ದುಡ್ಡು. ಐಎಂಇಐ (ಎರಡು ಸಿಮ್‌ನ ಫೋನಾದರೆ ಎರಡೂ), ತಾರೀಖು, ಕೊಟ್ಟದ್ದೆಷ್ಟು, ಬಾಕಿ ಎಷ್ಟು ಎಂದು ಚೀಟಿಯಲ್ಲಿ ಬರೆಸಿ ಇಬ್ಬರ ಸಹಿ ಹಾಕಿಸುತ್ತೇನೆ.